ಲಾರಿಯವನ ಮಗಳ ಹಾಡು

ಮೆಕ್ಸಿಕೋ ಮೂಲದವರ ಮನೆಗಳಲ್ಲಿ ಮಗಳಿಗೆ ಹದಿನೈದು ತುಂಬಿದಾಗ ಮದುವೆಯಷ್ಟೇ ದೊಡ್ಡದಾಗಿ ಒಂದು ಸಮಾರಂಭ ಮಾಡುತ್ತಾರೆ. ಟೆಕ್ಸಸ್‌ನಲ್ಲಿ ಎಲ್ಲರೂ ಅದನ್ನು ಚಿಕ್ಕದಾಗಿ ಕಿನ್ಸೆ ಅನ್ನುತ್ತಾರೆ. ಬೆಳಿಗ್ಗೆ ಚರ್ಚು, ಸಂಜೆ ಬಾಡಿಗೆಯ ಪಾರ್ಟಿ ಹಾಲ್, ಊಟ, ಕುಣಿತ. ಊಟಕ್ಕೆ ಮುಂಚೆ ಹುಡುಗಿಯನ್ನು ಸಭೆಯ ನಡುವೆ ಕುರ್ಚಿ ಹಾಕಿ ಕೂರಿಸುತ್ತಾರೆ. ಅಪ್ಪ ಬಂದು ಮಂಡಿಯೂರಿ, ಅವಳ ಕಾಲಿನ ಚಪ್ಪಟೆ ಚಪ್ಪಲಿಯನ್ನು ಕಳಚಿ, ಹಿಮ್ಮಡಿ ಎತ್ತರದ ಹೊಸ ಜೋಡನ್ನು ತೊಡಿಸುತ್ತಾನೆ. ಇವತ್ತಿಗೆ ಇವಳು ಮಗುವಲ್ಲ ಅಂತ ಊರಿಗೆಲ್ಲ ಹೇಳುವ ರೀತಿ ಅದು. ಆಮೇಲೆ ಅಪ್ಪ ಮಗಳು ಕುಣಿಯುತ್ತಾರೆ. ಚಪ್ಪಲಿ ಬದಲಾಗುವ ಆ ನಾಲ್ಕಾರು ನಿಮಿಷಕ್ಕೆ ಒಂದು ಹಾಡು ಬೇಕು. ನಮ್ಮ ಹಾಡುಗಾತಿಯ ಅನ್ನ ಇದ್ದದ್ದು ಆ ನಾಲ್ಕಾರು ನಿಮಿಷದಲ್ಲಿ.

ನಾನು ಅವಳ ಪಕ್ಕದಲ್ಲಿ ನಿಂತು ಕೀಬೋರ್ಡ್ ನುಡಿಸುತ್ತಿದ್ದೆ. ವಾರವೆಲ್ಲ ಡಲ್ಲಾಸ್ ಪಕ್ಕದ ಅಲೆನ್ ಊರಿನ ನನ್ನ ಮನೆಯಿಂದ ಪ್ಲೇನೋದ ಆಫೀಸಿಗೆ ಡ್ರೈವ್ ಮಾಡಿ ಸಾಫ್ಟ್‌ವೇರ್ ಕೆಲಸ, ಶನಿವಾರ ಭಾನುವಾರ ಈ ಕೆಲಸ. ಡಲ್ಲಾಸ್‌ನ ಪೂರ್ವಕ್ಕೆ ಒಂದು ಕಾಫಿ ಅಂಗಡಿಯಲ್ಲಿ ವಾರಕ್ಕೊಮ್ಮೆ ಯಾರು ಬೇಕಾದರೂ ಹಾಡಬಹುದಿತ್ತು. ನಾನು ಕೇಳಲು ಹೋಗಿದ್ದೆ. ಅವಳು ಹಾಡಲು ಬಂದಿದ್ದಳು. ಮೈಕನ್ನು ಒಂದು ಉಲ್ಲನ್ ಕಾಲುಚೀಲದೊಳಗೆ ಇಟ್ಟು ಮನೆಯಿಂದಲೇ ತಂದಿದ್ದಳು. ಅಂಗಡಿಯವರ ಮೈಕು ಹಿಂದಿನವರ ಬಿಯರ್ ವಾಸನೆ ಹೊಡೆಯುತ್ತದೆ ಅಂತ ಅವಳ ದೂರು. ಅವತ್ತು ಅವಳ ಕೀಬೋರ್ಡಿನವನು ಬರಲಿಲ್ಲ. ‘ಯಾರಿಗಾದ್ರೂ ನುಡಿಸೋಕೆ ಬರುತ್ತಾ?’ ಅಂತ ಸಭೆಯನ್ನು ಕೇಳಿದಳು. ಅಜ್ಜಿಯ ಹಾರ್ಮೋನಿಯಂ ಮೇಲೆ ಬೆರಳಾಡಿಸಿ ಬೆಳೆದವಳು ನಾನು, ಕೈ ಎತ್ತಿದೆ. ಎತ್ತಿದ ಕೈ ಆರೇಳು ವರ್ಷ ಕೆಳಗಿಳಿಯಲಿಲ್ಲ.

ಅವಳೂ ಮೆಕ್ಸಿಕೋ ಮೂಲದವಳು, ಡಲ್ಲಾಸ್‌ನಲ್ಲೇ ಹುಟ್ಟಿದವಳು. ಅಪ್ಪ ಬ್ಯಾಂಕಿನಲ್ಲಿ ಗುಮಾಸ್ತ, ಅಮ್ಮ ಸ್ಕೂಲಿನಲ್ಲಿ. ಅವಳು ಅರ್ಧ ದಿನ ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ಫೋನೆತ್ತುವ ಕೆಲಸ ಮಾಡಿಕೊಂಡು, ಉಳಿದ ಅರ್ಧ ದಿನ ಹಾಡು ಬರೆಯುತ್ತಿದ್ದಳು. ಯಾವ ಕಂಪನಿಯೂ ಹಿಂದಿಲ್ಲದ ಸ್ವತಂತ್ರ ಗಾಯಕಿ. ಸ್ವತಂತ್ರ ಅನ್ನುವುದು ಕೇಳುವುದಕ್ಕೆ ಗಂಭೀರವಾಗಿದೆ. ಸ್ಪೀಕರ್ ಹೊರುವವಳೂ ನೀನೇ, ಪೋಸ್ಟರ್ ಅಂಟಿಸುವವಳೂ ನೀನೇ, ಜನ ಬಾರದಿದ್ದರೆ ಬೇಜಾರು ಮಾಡಿಕೊಳ್ಳುವವಳೂ ನೀನೇ ಅಂತ ಅದರ ಅರ್ಥ. ನಮ್ಮ ಜೊತೆ ಡ್ರಮ್ ಬಾರಿಸುತ್ತಿದ್ದವನು ಅವಳ ದೊಡ್ಡಪ್ಪನ ಮಗ, ನಲವತ್ತು ದಾಟಿದವನು, ವಾರದ ದಿನಗಳಲ್ಲಿ ಏಸಿ ರಿಪೇರಿ. ಅವಳನ್ನು ‘ಪ್ರೀಮಾ’ ಅಂತ ಕರೆಯುತ್ತಿದ್ದ, ಅವರ ಭಾಷೆಯಲ್ಲಿ ಅಂಥ ತಂಗಿಗೆ ಹಾಗನ್ನುತ್ತಾರೆ. ನನ್ನನ್ನು ‘ಕಂಪ್ಯೂಟರ್’ ಅಂತ ಕರೆಯುತ್ತಿದ್ದ.

ಅವಳದೇ ಹಾಡುಗಳು ಇಂಗ್ಲಿಷಿನವು. ಅಪಾರ್ಟ್‌ಮೆಂಟಿನ ಬಟ್ಟೆ ಒಗೆಯುವ ಕೋಣೆಯ ಬಗ್ಗೆ ಒಂದು, ಊರು ಬಿಟ್ಟ ಗೆಳತಿಯ ಖಾಲಿ ಪಾರ್ಕಿಂಗ್ ಜಾಗದ ಬಗ್ಗೆ ಒಂದು, ಹೀಗೆ. ಕುಣಿಯುವ ತಾಳ, ಒಳಗೆ ಮಾತ್ರ ಯಾರೋ ಬಾಗಿಲು ಹಾಕಿಕೊಂಡು ಕೂತಂತಿರುವ ಪದಗಳು. ಇಂಗ್ಲಿಷ್ ರೇಡಿಯೋದವರು ಕೇಳಿ, ಚೆನ್ನಾಗಿದೆ, ಸ್ಪ್ಯಾನಿಷಿನಲ್ಲಿ ಯಾಕೆ ಹಾಡಬಾರದು ಅನ್ನುತ್ತಿದ್ದರು. ಸ್ಪ್ಯಾನಿಷ್ ರೇಡಿಯೋದವರು ಕೇಳಿ, ಚೆನ್ನಾಗಿದೆ, ಇಂಗ್ಲಿಷಿನಲ್ಲಿ ಯಾಕೆ ಹಾಡುತ್ತೀಯ ಅನ್ನುತ್ತಿದ್ದರು.

‘ಇಂಗ್ಲಿಷಿನವರಿಗೆ ನಾನು ಸಾಕಷ್ಟು ಮೆಕ್ಸಿಕನ್ ಅಲ್ಲ. ಮೆಕ್ಸಿಕನ್ನರಿಗೂ ನಾನು ಸಾಕಷ್ಟು ಮೆಕ್ಸಿಕನ್ ಅಲ್ಲ’ ಅನ್ನುತ್ತಿದ್ದಳು. ‘ಒಂದು ವಿಷಯದಲ್ಲಾದರೂ ಇಬ್ಬರೂ ಒಪ್ಪಿದ್ದಾರೆ.’

ಹಾಗಾಗಿ ಹೊಟ್ಟೆಗೆ ಕಿನ್ಸೆಗಳು. ಅದರಲ್ಲೂ ಅವಳದೊಂದು ರೀತಿ ಇತ್ತು. ಬೇರೆ ಹಾಡುಗಾರರು ಎಲ್ಲರಿಗೂ ಗೊತ್ತಿರುವ ಹಾಡೊಂದನ್ನು ಹಾಡಿ ಎದ್ದು ಬರುತ್ತಾರೆ. ಇವಳು ಒಂದು ತಿಂಗಳು ಮುಂಚೆ ಆ ಮನೆಗೆ ಹೋಗಿ, ಅಪ್ಪನ ಎದುರು ಕೂತು, ಮಗಳು ಚಿಕ್ಕವಳಿದ್ದಾಗ ಹೇಗಿದ್ದಳು ಅಂತ ಕೇಳುತ್ತಿದ್ದಳು. ಅವನು ಹೇಳಿದ್ದರಿಂದ ಆ ಮನೆಗೆಂದೇ ಒಂದು ಹಾಡು ಕಟ್ಟುತ್ತಿದ್ದಳು, ಸ್ಪ್ಯಾನಿಷಿನಲ್ಲಿ. ಅಮ್ಮಂದಿರು ಕೇಳದೇ ಹೇಳುತ್ತಾರೆ. ಅಪ್ಪಂದಿರು ಕೇಳಿದರೂ ಹೇಳುವುದಿಲ್ಲ. ‘ಒಳ್ಳೇ ಹುಡುಗಿ’ ಅಂದು ಟೀವಿ ಕಡೆ ತಿರುಗುತ್ತಾರೆ. ಇವಳು ಸುಮ್ಮನೆ ಕಾಯುತ್ತಿದ್ದಳು. ಹಾಡುವುದಕ್ಕಿಂತ ಕಾಯುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಹ್ಯೂಸ್ಟನ್ನಿನ ಉತ್ತರದಲ್ಲಿ ಒಬ್ಬ ಲಾರಿ ಡ್ರೈವರ್. ವಾರದಲ್ಲಿ ಬಹುಪಾಲು ರಸ್ತೆಯ ಮೇಲಿರುವ ಮನುಷ್ಯ. ಅವನ ಮನೆಯಲ್ಲಿ ನಾವು ಒಂದು ಮಧ್ಯಾಹ್ನವೆಲ್ಲ ಕೂತೆವು. ಹೆಂಡತಿ ಕಾಫಿ ಕೊಟ್ಟಳು, ಆಮೇಲೆ ಊಟ ಕೊಟ್ಟಳು, ಆಮೇಲೆ ಮತ್ತೆ ಕಾಫಿ. ಅವನು ತನ್ನ ಅಂಗೈಯನ್ನೇ ನೋಡುತ್ತ ಕೂತಿದ್ದ. ನಾವು ಎದ್ದು ಬಾಗಿಲ ಹತ್ತಿರ ಬಂದಾಗ ಹೇಳಿದ: ‘ನಾನು ಮನೆಗೆ ಬಂದು ಬೂಟು ಬಿಚ್ಚಿದ ಕೂಡಲೇ ಅವಳು ಅದರೊಳಗೆ ಕಾಲಿಟ್ಟು ಮನೆಯೆಲ್ಲ ನಡೀತಿದ್ದಳು. ಮೊಣಕಾಲಿನವರೆಗೂ ಬರ್ತಿತ್ತು ಬೂಟು. ನಾನು ಮತ್ತೆ ಹೊರಡದ ಹಾಗೆ ಮಾಡೋಕೆ ಅಂತ ನನಗೆ ಆಮೇಲೆ ಗೊತ್ತಾಯ್ತು.’

ಕಾರಿನಲ್ಲಿ ಅವಳು ಬರೆಯಲು ಶುರು ಮಾಡಿದಳು. ಸೈಪ್ರೆಸ್‌ನಲ್ಲಿರುವ ನನ್ನ ಅಪ್ಪ ಅಮ್ಮನ ಮನೆ ತಲುಪುವ ಹೊತ್ತಿಗೆ ಹಾಡಿನ ಪಲ್ಲವಿ ಆಗಿತ್ತು. ಅವನ ಮಗಳ ಕಿನ್ಸೆಯಲ್ಲಿ ಅದನ್ನು ಹಾಡಿದಾಗ ಅವನು ಮಗಳ ಪಾದವನ್ನು ಕೈಯಲ್ಲಿ ಹಿಡಿದುಕೊಂಡು ಹಾಗೇ ಕೂತುಬಿಟ್ಟ. ಸಭೆಯೆಲ್ಲ ಕಣ್ಣೊರೆಸಿಕೊಂಡಿತು. ಯಾರೋ ಫೋನಿನಲ್ಲಿ ವಿಡಿಯೋ ಹಿಡಿದರು. ಅವರ ಮನೆಯವರು ಕೇಳಿದರೆಂದು ಇವಳು ಹಾಡನ್ನು ಸರಿಯಾಗಿ ರೆಕಾರ್ಡ್ ಮಾಡಿ ಇಂಟರ್ನೆಟ್ಟಿನ ತನ್ನ ಪುಟದಲ್ಲೂ ಹಾಕಿದಳು.

ಆಮೇಲಿನದನ್ನು ನಾವು ಮಾಡಲಿಲ್ಲ, ಅದು ತಾನಾಗಿ ಆಯಿತು. ವಿಡಿಯೋ ಒಂದು ಫೋನಿನಿಂದ ಇನ್ನೊಂದಕ್ಕೆ, ಹ್ಯೂಸ್ಟನ್ನಿನಿಂದ ಡಲ್ಲಾಸಿಗೆ, ಅಲ್ಲಿಂದ ಗಡಿಯಾಚೆಗೆ ಹೋಯಿತು. ಆ ವರ್ಷ ಯಾವ ಪಾರ್ಟಿ ಹಾಲಿನ ಪಕ್ಕದಲ್ಲಿ ಕಾರು ನಿಲ್ಲಿಸಿದರೂ ಒಳಗಿನಿಂದ ಅದೇ ಕೇಳುತ್ತಿತ್ತು. ನಮಗೆ ಫೋನಿನ ಮೇಲೆ ಫೋನು. ಇವಳು ಎಂದಿನಂತೆ, ‘ಅಪ್ಪನ ಹತ್ತಿರ ಮಾತಾಡೋಕೆ ಯಾವಾಗ ಬರಲಿ?’ ಅನ್ನುವಳು. ಅವರು, ‘ಅದೆಲ್ಲ ಬೇಡ. ಬೂಟಿನ ಹಾಡು ಹಾಡಿ, ಸಾಕು’ ಅನ್ನುವರು.

‘ನಿಮ್ಮ ಮಗಳು ಬೂಟು ಹಾಕ್ಕೊಂಡು ನಡೀತಿದ್ದಳಾ?’

‘ಇಲ್ಲ. ಆದ್ರೂ ಅದೇ ಇರಲಿ.’

ಡ್ರಮ್ಮಿನ ಅಣ್ಣನಿಗೆ ಖುಷಿ. ‘ಪ್ರೀಮಾ, ಒಂದು ಹಾಡಿಗೆ ಇಡೀ ಟೆಕ್ಸಸ್ ಬಿದ್ದಿದೆ. ಇನ್ನೊಂದು ಬರೆ. ಈ ಸಲ ಬೂಟಿನ ಬದಲು ಟೋಪಿ ಇಡು’ ಅಂದ.

‘ನನ್ನ ಹಾಡುಗಳು ಇದಾವಲ್ಲ.’

‘ಅವು ಒಳ್ಳೇವು. ಅದೇ ಅವುಗಳ ತೊಂದರೆ.’

ಬೂಟಿನ ಹಾಡಿನಿಂದ ಬಂದದ್ದರಲ್ಲಿ ಅವಳು ತನ್ನದೇ ಹಾಡುಗಳ ಆಲ್ಬಮ್ ಶುರು ಮಾಡಿದಳು. ಸ್ಟುಡಿಯೋ ಅಂದರೆ ಅಲೆನ್‌ನಲ್ಲಿ ನನ್ನ ಬಟ್ಟೆ ಇಡುವ ಕೋಣೆ. ರೇಷ್ಮೆ ಸೀರೆಗಳೂ ಚಳಿಗಾಲದ ಕೋಟುಗಳೂ ತೂಗುಹಾಕಿದ್ದರಿಂದ ಅಲ್ಲಿ ಮಾತು ಗೋಡೆಗೆ ಬಡಿದು ವಾಪಸು ಬರುತ್ತಿರಲಿಲ್ಲ. ಸೀರೆಗಳ ನಡುವೆ ಮುಖ ಇಟ್ಟು ಹಾಡುವಳು. ನೆರೆಮನೆಯವರು ಹುಲ್ಲು ಕತ್ತರಿಸುವ ಯಂತ್ರ ಶುರು ಮಾಡಿದರೆ ನಾವು ನಿಲ್ಲಿಸಿ, ಅವರ ಹುಲ್ಲು ಮುಗಿಯುವವರೆಗೂ ಕಾಯಬೇಕು. ಹೀಗೆ ಎರಡು ಬೇಸಿಗೆ ಹೋಯಿತು. ಆ ಕೋಣೆಯಿಂದ ಬೆವರಿಕೊಂಡು ಹೊರಗೆ ಬಂದಾಗ ಅವಳ ಮುಖದಲ್ಲಿ ಇರುತ್ತಿದ್ದ ಕಳೆಯನ್ನು ಯಾವ ಪಾರ್ಟಿ ಹಾಲಿನಲ್ಲೂ ನಾನು ಕಾಣಲಿಲ್ಲ. ಅವಳಿಗೆ ಬೇಕಾದದ್ದು ಒಂದೇ. ಅವಳನ್ನು ಅರಿಯದವರು ಒಂದು ಕೋಣೆ ತುಂಬ ಕೂತು ಅವಳದೇ ಹಾಡನ್ನು ಕೇಳಿ, ಮುಗಿದ ಮೇಲೆ ಇನ್ನೊಂದು ಹಾಡು ಅನ್ನಬೇಕು. ಅಷ್ಟೇ. ಅದು ದೊಡ್ಡ ಆಸೆ ಅಂತ ನನಗೆ ಆಗ ಅನ್ನಿಸಿರಲಿಲ್ಲ.

ಹ್ಯೂಸ್ಟನ್ನಿಗೆ ಹೋದಾಗಲೆಲ್ಲ ನಮ್ಮ ಠಿಕಾಣಿ ಸೈಪ್ರೆಸ್‌ನ ಮನೆ. ಅಪ್ಪ ಅಮ್ಮ ಇಬ್ಬರೂ ಡಾಕ್ಟರು, ಹಗಲು ಮನೆಯಲ್ಲಿ ಇರುತ್ತಿದ್ದವಳು ಅಜ್ಜಿ ಒಬ್ಬಳೇ. ನನ್ನ ಕನ್ನಡವೆಲ್ಲ ಅವಳ ಅಡುಗೆಮನೆಯದು. ಅಜ್ಜಿ ಮೈಸೂರಿನಲ್ಲಿದ್ದಾಗ ಬೀದಿಯ ಯಾರ ಮನೆಯಲ್ಲಿ ಮದುವೆಯಾದರೂ ಹಸೆಗೆ ಕರೆಯುವ ಹಾಡು ಹೇಳುವುದಕ್ಕೆ ಅವಳನ್ನೇ ಕರೆಯುತ್ತಿದ್ದರಂತೆ. ಹಾಡುಗಾತಿಯನ್ನು ಕಂಡರೆ ಅಜ್ಜಿಗೆ ತುಂಬ ಇಷ್ಟ. ಇವಳು ಮೊಸರನ್ನವನ್ನು ಎರಡನೆಯ ಸಲ ಹಾಕಿಸಿಕೊಳ್ಳುತ್ತಿದ್ದದ್ದು ಅದಕ್ಕೆ ಒಂದು ಕಾರಣ.

‘ಅಲ್ವೇ, ಜನ ಒಂದು ಹಾಡು ಹಾಡು ಅಂತಾರೆ, ಇವಳು ಬೇರೆ ಹಾಡ್ತೀನಿ ಅಂತಾಳೆ. ಏನು ಇವಳ ಗೋಳು?’ ಅಂತ ಅಜ್ಜಿ ಒಂದು ದಿನ ಕೇಳಿದಳು. ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ.

‘ಅದು ನನ್ನ ಹಾಡಲ್ಲ, ಅಜ್ಜಿ’ ಅಂದಳು ಹಾಡುಗಾತಿ. ಅಜ್ಜಿ ಅನ್ನುವ ಒಂದು ಪದ ಮಾತ್ರ ಅವಳಿಗೆ ಚೆನ್ನಾಗಿ ಬರುತ್ತಿತ್ತು.

‘ನಾನು ಊರಿನ ಹೆಣ್ಣುಮಕ್ಕಳನ್ನೆಲ್ಲ ಹಸೆಗೆ ಕರೆದಿದೀನಿ. ಅದು ನನ್ನ ಮಗಳಾ, ನನ್ನ ಹಾಡಾ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳ್ಕೊಳ್ಳಲಿಲ್ಲ.’

ನಾನು ತಿರುಗಿಸಿ ಹೇಳಿದ್ದನ್ನು ಹಾಡುಗಾತಿ ಅನ್ನ ಕಲೆಸುತ್ತಾ ಕೇಳಿದಳು. ‘ಅಜ್ಜಿಯ ಹತ್ತಿರ ಅವರದೇ ಅಂತ ಒಂದು ಹಾಡು ಇತ್ತಾ ಕೇಳು’ ಅಂದಳು.

ಕೇಳಿದೆ. ಅಜ್ಜಿ, ‘ಎಲ್ಲಿಂದ ಬರಬೇಕು?’ ಅಂದಳು.

‘ಅದೇ ವ್ಯತ್ಯಾಸ. ನನ್ನ ಹತ್ತಿರ ಇದೆ.’

ಇದನ್ನು ಅಜ್ಜಿಗೆ ತಿರುಗಿಸಿ ಹೇಳಿದೆ. ಅವಳು ಎದ್ದು ಹೋಗಿ ಉಪ್ಪಿನಕಾಯಿ ತಂದಳು.

ಮರುವರ್ಷ ಮಾರ್ಚಿನಲ್ಲಿ ಆಸ್ಟಿನ್‌ನಿಂದ ಕರೆ ಬಂತು. ಆ ತಿಂಗಳಲ್ಲಿ ಒಂದು ವಾರ ಸಂಗೀತದ ಹಬ್ಬಕ್ಕೆ ಆ ಊರಿನ ಪ್ರತಿ ಹೋಟೆಲು, ಹಿತ್ತಲು, ಪಾರ್ಕಿಂಗ್ ಜಾಗವೂ ವೇದಿಕೆಯಾಗುತ್ತದೆ. ಒಂದು ಹೋಟೆಲಿನ ಹಿತ್ತಲಿನಲ್ಲಿ ಮಧ್ಯಾಹ್ನ ಅರ್ಧ ಗಂಟೆ ಅವಳಿಗೆ ಕೊಟ್ಟಿದ್ದರು. ಹಾಡಿನ ಕಂಪನಿಗೆ ಹೊಸ ಗಾಯಕರನ್ನು ಹುಡುಕುವ ಕೆಲಸದವನೊಬ್ಬ ನೋಡಲು ಬರುವುದಾಗಿ ಹೇಳಿದ್ದ. ನಲವತ್ತರ ಹತ್ತಿರದವನು, ಒಳ್ಳೆಯ ಮಾತಿನವನು. ಅದೇ ಬೆಳಿಗ್ಗೆ ಒಂದು ರೇಡಿಯೋದಲ್ಲಿ ಹತ್ತು ನಿಮಿಷದ ಮಾತುಕತೆಯನ್ನೂ ಅವನೇ ಗೊತ್ತು ಮಾಡಿಕೊಟ್ಟ. ಅವಳು ಹೊಸ ಆಲ್ಬಮ್ಮಿನ ಮೂರು ಹಾಡುಗಳನ್ನು ರೇಡಿಯೋದವರಿಗೆ ಮುಂಚೆಯೇ ಕಳಿಸಿದ್ದಳು. ಅವುಗಳಲ್ಲಿ ಒಂದನ್ನಾದರೂ ಹಾಕುತ್ತಾರೆ ಅಂತ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ಬಂದಳು.

ಹಾಕಿದ್ದು ಬೂಟಿನ ಹಾಡನ್ನು. ಮುಗಿದ ಮೇಲೆ ನಿರೂಪಕ ದನಿ ತಗ್ಗಿಸಿ, ‘ಈ ಹಾಡು ಕೇಳಿ ನಾನು ಅತ್ತಿದ್ದೇನೆ. ಇದು ನಿಮ್ಮ ಅಪ್ಪನ ಬಗ್ಗೆ ಅಲ್ವಾ? ಹೇಳಿ’ ಅಂದ.

ಗಾಜಿನ ಆಚೆ ನಿಂತಿದ್ದ ನಮಗೆ ಅವಳ ಮುಖ ಚೆನ್ನಾಗಿ ಕಾಣುತ್ತಿತ್ತು. ಹೌದು ಅನ್ನುವುದು ಎಷ್ಟು ಸುಲಭವಿತ್ತು. ಪಾಪ್ ಸಂಗೀತದಲ್ಲಿ ಅದೊಂದು ಬರೆಯದ ಕಟ್ಟಳೆ. ಹಾಡಿದವಳ ಬಾಳೇ ಹಾಡು ಅಂತ ಕೇಳುವವರು ನಂಬಿರುತ್ತಾರೆ. ಹಾಡುವವರು ಅದನ್ನು ಮುರಿಯುವುದಿಲ್ಲ. ಇವಳು ಮುರಿದಳು.

‘ಅಲ್ಲ’ ಅಂದಳು. ‘ಅದು ಹ್ಯೂಸ್ಟನ್ನಿನ ಒಬ್ಬ ಲಾರಿ ಡ್ರೈವರ್ ತನ್ನ ಮಗಳ ಬಗ್ಗೆ ಹೇಳಿದ್ದು. ಅವಳ ಕಿನ್ಸೆಗೆ ನಾನು ಕಟ್ಟಿಕೊಟ್ಟೆ ಅಷ್ಟೆ. ಹಾಡು ಅವನದು. ನಮ್ಮಪ್ಪನಿಗೆ ಅಂಥ ಬೂಟೇ ಇರಲಿಲ್ಲ. ಅವರು ಟೈ ಕಟ್ಟಿಕೊಂಡು ಬ್ಯಾಂಕಿಗೆ ಹೋಗ್ತಿದ್ದರು. ನನ್ನವು ಬೇರೆ ಹಾಡುಗಳಿವೆ, ನಿಮಗೆ ಕಳಿಸಿದ್ದೀನಿ. ಅದರಲ್ಲಿ ಒಂದು ಹಾಕ್ತೀರಾ?’

ನಿರೂಪಕ ನಕ್ಕ. ಸಮಯ ಮುಗಿಯಿತು ಅಂದ. ಹವಾಮಾನದ ವರದಿ ಹಾಕಿದ.

ಮಧ್ಯಾಹ್ನ ಆ ಹಿತ್ತಲಿನಲ್ಲಿ ಜನ ಇದ್ದರು, ಚೆನ್ನಾಗಿಯೇ ಇದ್ದರು. ತಟ್ಟೆ ಹಿಡಿದು ನಿಂತು ಮಾತಾಡುತ್ತಿದ್ದರು. ಅವಳು ತನ್ನ ಹಾಡುಗಳನ್ನೇ ಹಾಡಿದಳು. ಬಟ್ಟೆ ಒಗೆಯುವ ಕೋಣೆಯ ಹಾಡನ್ನು ಅವತ್ತಿನಷ್ಟು ಚೆನ್ನಾಗಿ ಅವಳು ಹಿಂದೆಂದೂ ಹಾಡಿರಲಿಲ್ಲ. ಮುಂದಿನ ಸಾಲಿನಲ್ಲಿ ಇಬ್ಬರು ಹೆಂಗಸರು ತಲೆದೂಗುತ್ತಿದ್ದರು, ನಾನು ಅವರನ್ನೇ ನೋಡುತ್ತ ನುಡಿಸಿದೆ. ಮುಗಿದಾಗ ಹಿಂದಿನಿಂದ ಯಾರೋ ‘ಬೂಟು, ಬೂಟು’ ಅಂತ ಕೂಗಿದರು. ಅವಳು ಕೇಳಿಸದವಳಂತೆ ಮುಂದಿನದಕ್ಕೆ ಹೋದಳು. ಆ ಇಬ್ಬರು ಹೆಂಗಸರು ಇನ್ನೊಂದು ಹಾಡಿನ ಹೊತ್ತಿಗೆ ಎದುರಿನ ಹೋಟೆಲಿಗೆ ಹೋಗಿದ್ದರು. ಆ ವಾರ ಆಸ್ಟಿನ್‌ನಲ್ಲಿ ಯಾರೂ ಯಾವುದನ್ನೂ ಪೂರ್ತಿ ಕೇಳುವುದಿಲ್ಲ.

ಗಾಯಕರನ್ನು ಹುಡುಕುವ ಆ ಮಾತಿನವನು ಬಂದಿದ್ದ. ನಾವು ಕೀಬೋರ್ಡ್ ಮಡಿಸುವಾಗ ಹತ್ತಿರ ಬಂದು ನಿಂತ.

‘ರೇಡಿಯೋದಲ್ಲಿ ಹಾಗ್ಯಾಕೆ ಹೇಳಿದಿ?’

‘ನಿಜ ಅದೇ.’

‘ನಿಜ ಯಾರಿಗೆ ಬೇಕಿತ್ತು? ಜನ ಬರೋದು ಒಂದು ಕಥೆಗೆ. ನಿನ್ನ ಹತ್ತಿರ ಇದ್ದದ್ದು ಒಂದು ಕಥೆ. ಅದನ್ನ ಲಾರಿಯವನಿಗೆ ಕೊಟ್ಟುಬಿಟ್ಟೆ.’

‘ನನ್ನ ಹಾಡು ಹೇಗಿತ್ತು?’

‘ಚೆನ್ನಾಗಿತ್ತು’ ಅಂದ ಅವನು. ನಿಜವಾಗಿಯೇ ಅಂದ ಅನ್ನಿಸುತ್ತದೆ. ‘ಚೆನ್ನಾಗಿ ಹಾಡುವವರು ಈ ಬೀದಿಯಲ್ಲೇ ಇನ್ನೂರು ಜನ ಇದಾರೆ.’ ಆಮೇಲೆ ಅವನು ಫೋನ್ ಮಾಡಲಿಲ್ಲ.

ಡಲ್ಲಾಸಿಗೆ ವಾಪಸಾಗುವಾಗ ಅಣ್ಣ ಡ್ರೈವ್ ಮಾಡುತ್ತಿದ್ದ. ‘ಒಂದು ಸುಳ್ಳು ಪ್ರೀಮಾ, ಒಂದೇ ಒಂದು’ ಅಂತ ಶುರು ಮಾಡಿದ. ‘ದೊಡ್ಡ ಮನುಷ್ಯರು ಚುನಾವಣೆಗೆ ದಿನಕ್ಕೆ ಹತ್ತು ಹೇಳ್ತಾರೆ. ನಿನಗೆ ಒಂದು ಬಾಯಿಗೆ ಬರಲಿಲ್ಲ.’

‘ಬಾಯಿಗೆ ಬಂದಿತ್ತು.’

‘ಮತ್ತೆ?’

‘ಆ ಲಾರಿಯವನು ಬಾಗಿಲ ಹತ್ತಿರ ನಿಂತದ್ದು ಕಣ್ಣ ಮುಂದೆ ಬಂತು.’

ಅಣ್ಣ ರೇಡಿಯೋ ಹಾಕಿದ. ಸ್ವಲ್ಪ ಹೊತ್ತಿನ ಮೇಲೆ ತಾನೇ ಆರಿಸಿದ.

ರೇಡಿಯೋದ ಆ ಮಾತುಕತೆಯ ತುಣುಕನ್ನು ಯಾರೋ ಬೂಟಿನ ಹಾಡಿನ ವಿಡಿಯೋ ಪಕ್ಕದಲ್ಲೇ ಅಂಟಿಸಿದರು. ಹಾಡು ಹೋದಲ್ಲೆಲ್ಲ ಅದೂ ಹೋಯಿತು. ಕೆಲವರಿಗೆ ಮೋಸ ಹೋದಂತೆ ಆಯಿತು. ನಾವು ಅತ್ತದ್ದು ನಿನ್ನ ಅಪ್ಪನಿಗೆ ಅಂದುಕೊಂಡಿದ್ದೆವು ಅಂತ ಬರೆದರು. ಅದನ್ನು ಅವಳು ತಡೆದುಕೊಂಡಳು. ತಡೆಯಲಾಗದ್ದು ಬೇಸಿಗೆಯ ಹೊತ್ತಿಗೆ ಬಂತು.

ಸೈಪ್ರೆಸ್‌ನ ಅಡುಗೆಮನೆ. ಅಜ್ಜಿ ಚಪಾತಿ ಲಟ್ಟಿಸುತ್ತಿದ್ದಳು. ಹಾಡುಗಾತಿ ಬೇಯಿಸುತ್ತಿದ್ದಳು. ಅವಳ ಕೈಗೆ ಹಿಟ್ಟು ಅಂಟಿದ್ದರಿಂದ ಫೋನ್ ಬಂದಾಗ ಸ್ಪೀಕರಿಗೆ ಹಾಕು ಅಂದಳು. ಹಾಕಿದೆ. ಲಾರಿಯವನ ದನಿ. ಹೈಸ್ಕೂಲಿನಲ್ಲಿ ಕಲಿತ ನನ್ನ ಸ್ಪ್ಯಾನಿಷಿಗೆ ಅವನ ಮಾತು ಪೂರ್ತಿ ದಕ್ಕಿತು, ಯಾಕೆಂದರೆ ಅವನು ತುಂಬ ನಿಧಾನವಾಗಿ ಮಾತಾಡಿದ. ಮಗಳು ಮನೆ ಬಿಟ್ಟು ಹೋಗಿದ್ದಾಳೆ. ಯಾವುದೋ ಮಾತಿಗೆ ಮಾತು ಬೆಳೆಯಿತು. ಈಗ ಅವನ ಫೋನೂ ಎತ್ತುವುದಿಲ್ಲ. ಲಾರಿ ನಿಲ್ಲಿಸುವ ಕಡೆಯೆಲ್ಲ ಹುಡುಗರು ಅವನನ್ನು ಕಂಡರೆ ಆ ಹಾಡು ಹಾಕುತ್ತಾರೆ, ಪ್ರೀತಿಯಿಂದಲೇ ಹಾಕುತ್ತಾರೆ, ಅವರಿಗೇನೂ ಗೊತ್ತಿಲ್ಲ.

‘ಹಾಡು ಕೇಳಿದಾಗಲೆಲ್ಲ ಆ ಮಗು ಮನೆಯಲ್ಲಿ ನಡೀತದೆ’ ಅಂದ. ‘ನೀವು ರೇಡಿಯೋದಲ್ಲಿ ಅದು ನನ್ನದು ಅಂದಿರಿ. ನನ್ನದು ಅನ್ನೋದಾದ್ರೆ ನನಗೆ ವಾಪಸ್ ಕೊಡಿ. ಹಾಡಬೇಡಿ.’

ಅಜ್ಜಿ ಲಟ್ಟಣಿಗೆ ನಿಲ್ಲಿಸಿದ್ದಳು. ‘ಯಾರೋ ಗಂಡಸು ಅಳ್ತಿದಾನಲ್ಲೇ’ ಅಂದಳು ಮೆಲ್ಲಗೆ.

ಹಾಡುಗಾತಿ, ‘ಆಯ್ತು ಸರ್. ಹಾಡಲ್ಲ’ ಅಂದಳು. ಒಂದು ಚಪಾತಿ ಹೆಂಚಿನ ಮೇಲೆ ಕರಿಯಾಯಿತು. ಅವಳು ಅದನ್ನು ತೆಗೆದು ಪಕ್ಕಕ್ಕಿಟ್ಟು ಮುಂದಿನದನ್ನು ಹಾಕಿದಳು.

ಅಜ್ಜಿಗೆ ಎಲ್ಲ ಹೇಳಿದೆ. ‘ಹಾಡನ್ನ ವಾಪಸ್ ಕೊಡೋದು ಅಂದ್ರೆ ಹೇಗೆ? ಹಾಡಿದ್ದು ಆಗಿಹೋಯ್ತಲ್ಲ’ ಅಂದಳು ಅಜ್ಜಿ.

‘ಬೇರೆಯವರ ಫೋನಿನಿಂದ ನಾನು ಕಿತ್ತುಕೊಳ್ಳೋಕೆ ಆಗಲ್ಲ’ ಅಂದಳು ಅವಳು. ‘ನಾನು ಸುಮ್ಮನಿರಬಹುದು. ಅಷ್ಟು ಆಗುತ್ತೆ.’

ಅವತ್ತೇ ತನ್ನ ಪುಟದಿಂದ ಹಾಡನ್ನು ತೆಗೆದುಹಾಕಿದಳು. ಅದಾಗಲೇ ಒಪ್ಪಿಕೊಂಡಿದ್ದ ಮನೆಗಳಿಗೆಲ್ಲ ಫೋನ್ ಮಾಡಿ, ಆ ಹಾಡು ಹಾಡುವುದಿಲ್ಲ, ನಿಮಗೆಂದೇ ಹೊಸದು ಕಟ್ಟಿಕೊಡುತ್ತೇನೆ ಅಂದಳು. ಬಹಳ ಮಂದಿ ವಿನಯವಾಗಿಯೇ ಬೇಡ ಅಂದರು. ಅವರಲ್ಲಿ ಒಬ್ಬಾಕೆ, ‘ಆ ಹಾಡಿಲ್ಲದೆ ನೀವು ಯಾಕೆ?’ ಅಂತ ಕೇಳಿದಳು. ಕೆಟ್ಟ ಮನಸ್ಸಿನಿಂದಲ್ಲ, ತಿಳಿದುಕೊಳ್ಳುವುದಕ್ಕೆ ಕೇಳಿದಂತೆ ಕೇಳಿದಳು. ಶನಿವಾರಗಳು ಒಂದೊಂದಾಗಿ ಖಾಲಿಯಾದವು. ಅಣ್ಣ ಇನ್ನೊಂದು ತಂಡ ಸೇರಿದ. ಹೇಳಲು ಬಂದವನು ಹೇಳಲಾರದೆ ಅವಳ ಮನೆಯ ಏಸಿ ಬಿಚ್ಚಿ ಎರಡು ಗಂಟೆ ಸ್ವಚ್ಛ ಮಾಡಿ ಹೋದ. ಆಲ್ಬಮ್ ಇಂಟರ್ನೆಟ್ಟಿಗೆ ಬಂತು. ಕೇಳಿದವರು ಕೇಳಿದರು. ಹಬ್ಬಕ್ಕೆ ಹೋದಾಗ ಅಜ್ಜಿ, ‘ನಿನ್ನ ಸೀರೆ ಕೋಣೆಯ ಹಾಡು ಏನಾಯ್ತೆ?’ ಅಂತ ಕೇಳಿದರೆ, ಇಂಟರ್ನೆಟ್ಟಿನಲ್ಲಿದೆ ಅಜ್ಜಿ ಅನ್ನುತ್ತಿದ್ದೆ.

ಬೇಡ ಅನ್ನದೆ ಉಳಿದದ್ದು ಒಂದೇ ಮನೆ, ಡಲ್ಲಾಸ್‌ನ ಉತ್ತರಕ್ಕಿರುವ ಪ್ರಾಸ್ಪರಿನದು. ಹೊಸ ಬಡಾವಣೆ, ಮರಗಳಿನ್ನೂ ಕೋಲಿಗೆ ಕಟ್ಟಿಸಿಕೊಂಡು ನಿಂತಿದ್ದವು. ಅಪ್ಪ ಮನೆಗಳಿಗೆ ಕಿಟಕಿ ಹಾಕಿಸುವ ಕಂಟ್ರಾಕ್ಟರ್. ಸಮಾರಂಭದ ಓಡಾಟವೆಲ್ಲ ಹುಡುಗಿಯ ಸೋದರತ್ತೆಯದು. ಆ ಹಾಡು ಇಲ್ಲ ಅಂದಾಗ ಅತ್ತೆ, ‘ಸರಿ, ನಿಮ್ಮ ಇಷ್ಟ’ ಅಂದಿದ್ದಳು. ಅದನ್ನು ಹುಡುಗಿಯ ಅಪ್ಪನಿಗೆ ಹೇಳಿರಲಿಲ್ಲ ಅಂತ ನಮಗೆ ಆಮೇಲೆ ಗೊತ್ತಾಯಿತು. ನಾವು ಹೋಗಿ ಅಪ್ಪನ ಎದುರು ಕೂತೆವು. ಇವನು ಬೇಗ ಬಾಯಿಬಿಟ್ಟ. ಮಗಳು ಚಿಕ್ಕವಳಿದ್ದಾಗ ಅವನು ಕಿಟಕಿ ಹಾಕಿದ ಖಾಲಿ ಮನೆಗಳನ್ನು ನೋಡಲು ಜೊತೆಗೆ ಬರುತ್ತಿದ್ದಳಂತೆ. ಪ್ರತಿ ಹೊಸ ಗಾಜಿಗೂ ಬಾಯಿಯ ಹಬೆ ಊದಿ ಅದರ ಮೇಲೆ ಬೆರಳಿನಿಂದ ಅಪ್ಪನ ಮುಖ ಬರೆಯುತ್ತಿದ್ದಳಂತೆ. ‘ಮನೆಯವರು ಬರೋ ಮುಂಚೆ ನಾನು ಅದನ್ನ ಒರೆಸಬೇಕಿತ್ತು’ ಅಂದ. ಅವಳು ಹೊರಗೆ ಬಂದು ಕಾರಿನಲ್ಲಿ ಕೂತು, ‘ಇದು ಅದಕ್ಕಿಂತ ಚೆನ್ನಾಗಿ ಆಗುತ್ತೆ’ ಅಂದಳು. ತಿಂಗಳುಗಳ ಮೇಲೆ ಅವಳ ದನಿಯಲ್ಲಿ ಜೀವ ಕೇಳಿದ್ದು ಆಗಲೇ. ಹಾಡು ನಿಜಕ್ಕೂ ಚೆನ್ನಾಗಿ ಆಯಿತು. ನಾನು ನುಡಿಸಿದವಳು, ನನಗೆ ಗೊತ್ತು.

ಸಮಾರಂಭದ ಸಂಜೆ ಹಾಲ್ ತುಂಬಿತ್ತು. ಹುಡುಗಿ ನೀಲಿ ಗೌನಿನಲ್ಲಿ ಕುರ್ಚಿಯ ಮೇಲೆ ಕೂತಳು. ಅಪ್ಪ ಹೊಸ ಜೋಡನ್ನು ದಿಂಬಿನ ಮೇಲೆ ಇಟ್ಟುಕೊಂಡು ಬಂದು ಮಂಡಿಯೂರಿದ. ಜನ ಫೋನುಗಳನ್ನು ಎತ್ತಿ ಹಿಡಿದರು. ನಾನು ಶುರು ಮಾಡಿದೆ, ಅವಳು ಹಾಡಿದಳು. ಗಾಜು, ಹಬೆ, ಬೆರಳು. ಮೊದಲ ಚರಣ ಮುಗಿಯುವ ಮುಂಚೆಯೇ ಎತ್ತಿದ ಫೋನುಗಳು ಒಂದೊಂದಾಗಿ ಇಳಿದವು. ಹುಡುಗಿ ಕುರ್ಚಿಯಿಂದ ಅತ್ತೆಯ ಕಡೆ ನೋಡಿದಳು. ಅತ್ತೆ ಮೂಲೆಯಲ್ಲಿದ್ದ ಡೀಜೆಗೆ ಕೈಯಲ್ಲೇ ಏನೋ ಹೇಳಿದಳು. ಅವನು ನಮ್ಮ ಮೈಕಿನ ಸದ್ದನ್ನು ಇಳಿಸಿದ. ಬೂಟಿನ ಹಾಡು ಶುರುವಾಯಿತು. ವರ್ಷಗಳ ಹಿಂದೆ ಅವಳೇ ಹಾಡಿದ ರೆಕಾರ್ಡು.

ಹಾಲ್ ಒಮ್ಮೆ ನಿಟ್ಟುಸಿರು ಬಿಟ್ಟು ಸಡಿಲವಾಯಿತು. ಫೋನುಗಳು ಮತ್ತೆ ಎದ್ದವು. ನನ್ನ ಬೆರಳು ಕೀಬೋರ್ಡಿನ ಮೇಲೆ ಹಾಗೇ ನಿಂತುಬಿಟ್ಟಿತ್ತು. ಅವಳು ಸತ್ತ ಮೈಕಿನ ಎದುರು ನಿಂತಿದ್ದಳು. ವೇದಿಕೆಯಿಂದ ಇಳಿದರೆ ಸಮಾರಂಭ ಕೆಡುತ್ತದೆ, ಬಾಯಿ ಆಡಿಸಿದರೆ ಲಾರಿಯವನಿಗೆ ಕೊಟ್ಟ ಮಾತು ಕೆಡುತ್ತದೆ. ಬಾಯಿ ಮುಚ್ಚಿಕೊಂಡು ನಿಂತಳು. ಅರ್ಧ ಹಾಡಾದ ಮೇಲೆ ನನ್ನ ಕಡೆ ಬಗ್ಗಿ, ‘ಎರಡನೇ ಸಾಲಿನಲ್ಲಿ ಉಸಿರು ತಪ್ಪು ಜಾಗದಲ್ಲಿ ತಗೊಂಡಿದ್ದೀನಿ, ಕೇಳಿಸ್ತಾ?’ ಅಂದಳು. ‘ಈಗಾದ್ರೆ ಇದಕ್ಕಿಂತ ಚೆನ್ನಾಗಿ ಹಾಡ್ತಿದ್ದೆ.’

ಅಪ್ಪ ಮಗಳು ಕುಣಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಊಟಕ್ಕೆ ಎಬ್ಬಿಸಿದಾಗ ಆ ಅಪ್ಪನೇ ಎರಡು ತಟ್ಟೆ ತುಂಬಿಸಿಕೊಂಡು ನಮ್ಮ ಹತ್ತಿರ ಬಂದ. ಕಣ್ಣು ಇನ್ನೂ ಒದ್ದೆಯಿತ್ತು. ಹಾಡಿನ ಹೊತ್ತಿನಲ್ಲೆಲ್ಲ ಅವನು ತಲೆ ಬಗ್ಗಿಸಿ ಜೋಡಿನ ಬಕಲ್ ಜೊತೆ ಗುದ್ದಾಡುತ್ತಿದ್ದವನು, ವೇದಿಕೆ ನೋಡಿರಲಿಲ್ಲ.

‘ಶುರುವಿನಲ್ಲಿ ಬೇರೆ ಏನೋ ಹಾಡಿದಿರಿ, ನನಗೆ ಗಾಬರಿಯಾಯ್ತು’ ಅಂದ. ‘ಆಮೇಲೆ ಸರಿಯಾದದ್ದನ್ನೇ ಹಾಡಿದಿರಿ. ಎಷ್ಟು ಚೆನ್ನಾಗಿ ಹಾಡಿದಿರಿ.’

‘ಥ್ಯಾಂಕ್ಯೂ ಸರ್’ ಅಂದಳು. ‘ಮಗಳು ತುಂಬ ಚೆನ್ನಾಗಿ ಕಾಣ್ತಿದಾಳೆ.’

ಅವನು ಹೋದ ಮೇಲೆ ತಟ್ಟೆಯಲ್ಲಿದ್ದದ್ದನ್ನೆಲ್ಲ ತಿಂದಳು, ಅನ್ನ ಚೆಲ್ಲಬಾರದು ಅನ್ನುವವಳಂತೆ. ಮೈಕನ್ನು ಕಳಚಿ, ಕಾಲುಚೀಲದೊಳಗೂ ಇಡದೆ, ಕಾರಿನ ಹಿಂದಿನ ಸೀಟಿನ ಮೇಲೆ ಹಾಗೇ ಹಾಕಿದಳು. ಅದಾದ ಮೇಲೆ ಅವಳು ಯಾವ ಮನೆಗೂ ಹೋಗಿ ಯಾವ ಅಪ್ಪನನ್ನೂ ಮಾತಾಡಿಸಲಿಲ್ಲ. ಆ ವರ್ಷದ ಕೊನೆಯಲ್ಲಿ ಹಲ್ಲಿನ ಡಾಕ್ಟರು ಪೂರ್ತಿ ದಿನದ ಕೆಲಸ ಕೊಟ್ಟಾಗ ಒಪ್ಪಿಕೊಂಡಳು. ನಾನು ಒಂದೆರಡು ಸಲ, ಭಾನುವಾರ ಬಾ, ಸುಮ್ಮನೆ ನುಡಿಸೋಣ ಅಂದೆ. ಪ್ರತಿ ಸಲವೂ ಬರುತ್ತೇನೆ ಅಂದಳು.